ನಡುವಿನ ಕಪ್ಪು ಕಲೆ

ಮುರಳೀಕೃಷ್ಣನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಯಾವಾಗ ಎಂದು ಕೇಳಿದರೆ ದಿನ, ಗಳಿಗೆ ಎರಡನ್ನೂ ಹೇಳಬಹುದು. ಸೋಮವಾರ, ಬೆಳಗಿನ ಹನ್ನೊಂದೂಕಾಲು, ಕಾಫಿಯ ಹೊತ್ತು. ಅದಕ್ಕೆ ಮುಂಚೆ ಅವನು ಒಳ್ಳೆಯವನೇ. ಹೊಸೂರಿನಲ್ಲಿ ಮೂರು ತಲೆಮಾರಿನ ಮೇಷ್ಟರ ಮನೆತನ, ಭೌತಶಾಸ್ತ್ರದಲ್ಲಿ ಡಾಕ್ಟರೇಟು, ನಲವತ್ತೆರಡರ ವಯಸ್ಸು, ಯಾರ ತಂಟೆಗೂ ಹೋಗದ ಆಸಾಮಿ. ಪಕ್ಕದವನು ನಮ್ಮನ್ನು ದಾಟಿ ಮುಂದೆ ಹೋಗುವ ತನಕ ಒಳ್ಳೆಯವರಾಗಿರುವುದು ಅಂಥ ಕಷ್ಟವೇನಲ್ಲ ಬಿಡಿ.

ತಳಿ ರಸ್ತೆಯಲ್ಲಿ, ಹಿಂದೆ ಲಾರಿ ಬಿಡಿಭಾಗಗಳ ಗೋದಾಮಾಗಿದ್ದ ಶೆಡ್ಡಿನಲ್ಲಿ ಅವರ ಲ್ಯಾಬು. ನಡೆಸುವವರು ಅಂಬುಜಮ್ಮ, ಕಾಲೇಜಿನಿಂದ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಾರದ ಪ್ರೊಫೆಸರು. ಒಂಬತ್ತು ವರ್ಷದಿಂದ ಅಲ್ಲಿ ನಡೆದಿದ್ದುದು ಒಂದೇ ಕೆಲಸ, ಇನ್‌ಫ್ರಾರೆಡ್ ಕ್ಯಾಮೆರಾ ಕಟ್ಟುವುದು. ಮನುಷ್ಯನ ಮುಖ, ಗೋಡೆ, ಕಾಫಿಲೋಟ, ಬಿಸಿಯಿರುವುದೆಲ್ಲ ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕನ್ನು ಸೂಸುತ್ತಲೇ ಇರುತ್ತದೆ. ಆ ಬೆಳಕಿನಲ್ಲಿ ಚಿತ್ರ ತೆಗೆಯುವ ಕ್ಯಾಮೆರಾ ಇದು. ಒಳಗೆ ಆ ಬೆಳಕನ್ನು ಗ್ರಹಿಸುವ, ಉಗುರಿನಷ್ಟಗಲದ ಡಿಟೆಕ್ಟರು. ಅದರ ಸ್ವಂತ ಬಿಸಿಯೇ ಅದಕ್ಕೆ ಅಡ್ಡ ಬರಬಾರದೆಂದು ದ್ರವ ನೈಟ್ರೋಜನ್ ಸುರಿದು, ಸೊನ್ನೆಗಿಂತ ನೂರ ತೊಂಬತ್ತು ಡಿಗ್ರಿಗೂ ಕೆಳಗೆ ತಣ್ಣಗಿಡಬೇಕು. ಎಲ್ಲ ಮುಗಿದ ಮೇಲೆ ಕ್ಯಾಮೆರಾ ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ಹೋಗಿ ದೊಡ್ಡ ದೂರದರ್ಶಕದ ಬುಡದಲ್ಲಿ ಕೂರುತ್ತದೆ. ಅದನ್ನು ನೋಡಿಕೊಳ್ಳಲು ಲ್ಯಾಬಿನಿಂದ ಒಬ್ಬರು ಒಂದು ವರ್ಷ ಅಲ್ಲಿರಬೇಕು. ಒಬ್ಬರಿಗೆ ಮಾತ್ರ ಜಾಗ.

ಆ ಒಬ್ಬ ತಾನೇ ಎಂದು ಮುರಳಿ ತಿಳಿದಿದ್ದ. ಹಾಗೆಂದು ಯಾರೂ ಹೇಳಿರಲಿಲ್ಲ, ಹೇಳಬೇಕಾದ್ದೂ ಇಲ್ಲ ಎಂದುಕೊಂಡಿದ್ದ. ಬೆಟ್ಟದ ಚಳಿಗೆಂದು ಎರಡು ವರ್ಷದ ಹಿಂದೆಯೇ ಕಂದು ಬಣ್ಣದ ಸ್ವೆಟರೊಂದನ್ನು ಕೊಂಡು ಬೀರುವಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ.

ಆ ಸೋಮವಾರ ಕ್ಯಾಮೆರಾ ಮೊದಲ ಬಾರಿಗೆ ಕಣ್ಣು ಬಿಟ್ಟಿತು. ಅಂಬುಜಮ್ಮ ತಮ್ಮ ಕಾಫಿಲೋಟವನ್ನೇ ಅದರ ಮುಂದೆ ಹಿಡಿದರು. ಪರದೆಯ ಮೇಲೆ ಲೋಟ ಬೆಳ್ಳಗೆ ಹೊಳೆಯಿತು, ಅಂಚಿನ ಸುತ್ತಿನ ಗೆರೆ ಕೂಡ ಸ್ಪಷ್ಟ. ಅವರು ಮುರಳಿಯ ಕಡೆ ತಿರುಗಲಿಲ್ಲ. ಮೂಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ತಿಮ್ಮರಾಜುವಿನ ಕಡೆ ತಿರುಗಿದರು.

"ಏನು ಲೆನ್ಸಪ್ಪಾ ಇದು! ಇಂಥಾ ಕೈ ಎಲ್ಲಿಂದ ತಂದೆ?" ಎಂದರು. ಆಮೇಲೆ, ಸಕ್ಕರೆ ಕಮ್ಮಿಯಾಯಿತು ಎನ್ನುವಷ್ಟೇ ಸಲೀಸಾಗಿ, "ಮುರಳಿ, ಬೆಟ್ಟಕ್ಕೆ ಇವನನ್ನೇ ಕಳಿಸೋಣ ಅಂತಿದೀನಿ. ಇನ್ನು ಮೂರು ವಾರಕ್ಕೆ, ಶುಕ್ರವಾರ, ಚೆನ್ನೈಯಿಂದ ಸಮಿತಿಯವರು ಬರ್ತಾರೆ. ಅವತ್ತೂ ಚಿತ್ರ ಹೀಗೇ ಬಂದ್ರೆ ಹೆಸರು ಬರೆದು ಕಳಿಸಿಬಿಡ್ತೀನಿ" ಎಂದರು.

ಮುರಳಿ ನಕ್ಕ. "ಒಳ್ಳೇದು ಮೇಡಂ" ಎಂದ. ಒಳಗೆ ಕರುಳಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು.

ತಿಮ್ಮರಾಜು ಅಂಚೆಟ್ಟಿಯ ಆಚೆಯ ಹಳ್ಳಿಯವನು. ರಾಗಿ, ಅವರೆ ಬೆಳೆಯುವ ಮನೆ. ಐಟಿಐ ಮುಗಿಸಿ, ಕೈಗಡಿಯಾರದ ಗಾಜು ಉಜ್ಜುವ ಸಣ್ಣ ಘಟಕವೊಂದರಲ್ಲಿ ಆರು ವರ್ಷ ದುಡಿದು, ನಾಲ್ಕು ವರ್ಷದ ಕೆಳಗೆ ಲ್ಯಾಬಿಗೆ ಬಂದಿದ್ದ. ಬೆಳಗ್ಗೆ ಎದ್ದು ಎರಡು ಮೈಲಿ ನಡೆದು, ಅಂಚೆಟ್ಟಿಯಲ್ಲಿ ಬಸ್ಸು ಹತ್ತಿ, ಡೆಂಕಣಿಕೋಟೆಯಲ್ಲಿ ಇನ್ನೊಂದಕ್ಕೆ ಬದಲಿಸಿ ಬರುತ್ತಿದ್ದ. ಜರ್ಮೇನಿಯಂ ಎಂಬ ಲೋಹದಂತೆ ಹೊಳೆಯುವ ವಸ್ತುವಿನಿಂದ ಈ ಕ್ಯಾಮೆರಾದ ಲೆನ್ಸು ಮಾಡುತ್ತಾರೆ. ನಮ್ಮ ಕಣ್ಣಿಗೆ ಅದರಾಚೆ ಏನೂ ಕಾಣದು, ಶಾಖದ ಬೆಳಕು ಮಾತ್ರ ಸರಾಗ ದಾಟುತ್ತದೆ. ಅದನ್ನು ರಾಳದ ತಟ್ಟೆಯ ಮೇಲೆ ವಜ್ರದ ಪುಡಿ ಹಾಕಿ ತಿಂಗಳುಗಟ್ಟಲೆ ಉಜ್ಜಬೇಕು. ತಿಮ್ಮರಾಜು ಉಜ್ಜಿದ್ದ. ಲೆಕ್ಕ ಹಾಕಿದವನು, ಡಿಟೆಕ್ಟರು ಕೂರಿಸಿದವನು, ಒಂಬತ್ತು ವರ್ಷ ತಲೆ ಕೆಡಿಸಿಕೊಂಡವನು ಮುರಳಿ. ಹೊಗಳಿಕೆ ಮಾತ್ರ ಉಜ್ಜಿದವನಿಗೆ!

ಈ ಉರಿ ಬಂದ ಮೇಲೆ ಕಂಡದ್ದೆಲ್ಲ ಕಣ್ಣು ಕುಕ್ಕತೊಡಗಿತು. ಬಸ್ ಟಿಕೆಟ್ಟಿನ ಡಬ್ಬ ಕೂಡ. ಲ್ಯಾಬಿನ ಶಾಖದ ಲೇಸರಿನ ಕಿರಣ ಎಲ್ಲಿ ಬೀಳುತ್ತಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಆದರೆ ಕಂಡಕ್ಟರ್ ಮೆಷಿನ್ನಿನಿಂದ ಹರಿದುಕೊಡುವ ಟಿಕೆಟ್ಟಿನ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ಟಿಕೆಟ್ಟು ಅಡ್ಡ ಹಿಡಿದರೆ ಕಿರಣ ಬಿದ್ದಲ್ಲಿ ಕಪ್ಪು ಚುಕ್ಕೆ ಮೂಡುತ್ತದೆ. ಅದಕ್ಕೇ ಎಲ್ಲರೂ ತಮ್ಮ ಟಿಕೆಟ್ಟುಗಳನ್ನು ಒಂದು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕೆಂಬುದು ಲ್ಯಾಬಿನ ರೂಢಿ. ದಿನಕ್ಕೆ ನಾಲ್ಕು ಟಿಕೆಟ್ಟು ತಿಮ್ಮರಾಜುವಿನದು. ಸ್ಕೂಟರಿನಲ್ಲಿ ಬರುವ ಮುರಳಿಯದು ಒಂದೂ ಇಲ್ಲ. ಡಬ್ಬದಲ್ಲೂ ಅವನದೇ ಕಾರುಬಾರು ಎಂದು ಮುರಳಿಗೆ ಅಂದು ಮೊದಲ ಸಲ ಅನ್ನಿಸಿತು. ಬಸ್ ಟಿಕೆಟ್ಟಿಗೆ ಹೊಟ್ಟೆ ಉರಿದುಕೊಂಡ ಡಾಕ್ಟರೇಟು ಪ್ರಾಯಶಃ ತಮಿಳುನಾಡಿನಲ್ಲೇ ಇವನೊಬ್ಬ.

ಮಾರನೆಯ ದಿನ ತಿಮ್ಮರಾಜು ಊಟಕ್ಕೆ ಹೋದಾಗ ಮುರಳಿ ಕ್ಯಾಮೆರಾದ ಮುಂಭಾಗ ಬಿಚ್ಚಿ ನೋಡಿದ. ಲೆನ್ಸಿನ ಮುಂದೆ, ಧೂಳು ಬೀಳದಿರಲೆಂದು, ಚಪ್ಪಟೆಯಾದ ಇನ್ನೊಂದು ಜರ್ಮೇನಿಯಂ ಬಿಲ್ಲೆ ಇರುತ್ತದೆ. ಲ್ಯಾಬಿನಲ್ಲಿ ಅದಕ್ಕೆ ವಿಂಡೋ ಅನ್ನುತ್ತಾರೆ. ವಿಂಡೋವನ್ನು ಹಿಡಿದಿಡುವ ಲೋಹದ ಬಳೆ ತೆಗೆದರೆ, ಒಂದು ಅಂಚಿನ ಕೆಳಗೆ ಎರಡಾಗಿ ಮಡಿಸಿದ ಬಸ್ ಟಿಕೆಟ್ಟು! ಅದರಿಂದಾಗಿ ವಿಂಡೋ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು.

ಮುರಳಿಗೆ ಸಂತೋಷವಾಯಿತು. ಯಾಕೆ ಸುಳ್ಳು ಹೇಳಬೇಕು, ಹಬ್ಬವೇ ಆಯಿತು. ದೂರದರ್ಶಕಕ್ಕೆ ಹೋಗುವ ಯಂತ್ರದಲ್ಲಿ ಬಸ್ ಟಿಕೆಟ್ಟು ತುರುಕಿದ್ದಾನೆ, ಇವನ ಕೈಗುಣ ಇಷ್ಟೇ ಎಂದುಕೊಂಡ. ತಿಮ್ಮರಾಜು ಬರುವ ತನಕ ಕಾದು, ಇದೇಕೆ ಎಂದು ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ. ಟಿಕೆಟ್ಟನ್ನು ಕಿತ್ತು ಕಸದಬುಟ್ಟಿಗೆ ಹಾಕಿದ. ಕೆಂಪು ಲೇಸರ್ ಬಿಟ್ಟು, ಅದು ವಿಂಡೋಗೆ ಬಡಿದು ಬಂದ ದಾರಿಯಲ್ಲೇ ಸರಿಯಾಗಿ ವಾಪಸ್ಸು ಹೋಗುವಂತೆ ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಿದ. ಬಳೆ ಬಿಗಿದ. ಒಂದೆಳೆ ಓರೆಯಿಲ್ಲದ ಕೆಲಸ. ತಾನು ಯಾರೆಂದು ಕೈಯಲ್ಲಿ ಮಾಡಿ ತೋರಿಸಿದ ಸಮಾಧಾನ. ನೋಡುವವರು ಯಾರೂ ಇರಲಿಲ್ಲ ಅಷ್ಟೆ.

ಆ ಮಧ್ಯಾಹ್ನ ಕ್ಯಾಮೆರಾಗೆ ಬರೀ ಗೋಡೆ ತೋರಿಸಿದಾಗ ಚಿತ್ರದ ನಟ್ಟನಡುವೆ ಕಪ್ಪು ಕಲೆಯೊಂದು ಕಾಣಿಸಿತು. ದುಂಡಗೆ, ಒಗ್ಗರಣೆಯ ಸಾಸಿವೆ ಸಿಡಿದು ಸುಟ್ಟ ಜಾಗದ ಹಾಗೆ.

"ಇದೇನಿದು? ನೆನ್ನೆ ಇರಲಿಲ್ವಲ್ಲ!" ಅಂಬುಜಮ್ಮ ಕನ್ನಡಕ ಏರಿಸಿದರು.

"ನೆನ್ನೆಯೂ ಇದ್ದಿರಬೇಕು ಮೇಡಂ. ನೆನ್ನೆ ತೋರಿಸಿದ್ದು ಬಿಸಿ ಕಾಫಿ. ಅಷ್ಟು ಬೆಳಕಲ್ಲಿ ಕಲೆ ಮುಳುಗಿಹೋಗಿರುತ್ತೆ. ಬರೀ ಗೋಡೆ ಆದ್ದರಿಂದ ಈಗ ಎದ್ದು ಕಾಣ್ತಿದೆ" ಎಂದ ಮುರಳಿ. ಇದು ಅವನು ಕಟ್ಟಿದ ಸುಳ್ಳಲ್ಲ. ಹಾಗೇ ನಂಬಿದ್ದ. ಟಿಕೆಟ್ಟಿನ ನೆನಪು ಒಂದು ಗಳಿಗೆ ಬಂದು, ನೆಟ್ಟಗೆ ಮಾಡಿದ್ದರಿಂದ ಕೆಡಲು ಸಾಧ್ಯವೇ ಎಂದು ಹಾಗೇ ಹೋಯಿತು. ಆಮೇಲೆ ಮೆಲ್ಲಗೆ ಸೇರಿಸಿದ: "ಲೆನ್ಸಿನ ನಡುಭಾಗ ಸರಿಯಾಗಿ ಉಜ್ಜಿಲ್ಲ ಅನ್ಸುತ್ತೆ."

ತಿಮ್ಮರಾಜುವಿನ ಮುಖ ಸಣ್ಣದಾಯಿತು. "ನಡುಮಧ್ಯ ನಾನು ನಾಕು ಸಲ ನೋಡಿವ್ನಿ ಸಾರ್. ಆದ್ರೂ ಇನ್ನೊಂದು ಸಲ ಉಜ್ಜಿ ತತ್ತೀನಿ."

ಮುಂದಿನ ವಿಂಡೋ ಮುಟ್ಟದೆ, ಹಿಂಬದಿಯಿಂದ ಲೆನ್ಸು ಬಿಚ್ಚಿಕೊಂಡು ಹೋದ. ಒಂದು ವಾರ ಉಜ್ಜಿದ. ಕೂರಿಸಿ ನೋಡಿದರೆ ಕಲೆ ಹಾಗೇ ಇದೆ. ಮತ್ತೊಂದು ವಾರ ಉಜ್ಜಿದ. ಕಲೆ ಅಲ್ಲೇ ಕೂತು ಅವನನ್ನೇ ನೋಡುತ್ತಿತ್ತು. ಊಟದ ಡಬ್ಬಿಯ ಮುದ್ದೆ ಅರ್ಧಕ್ಕರ್ಧ ವಾಪಸ್ಸು ಹೋಗತೊಡಗಿತು. ನೆಲ ಒರೆಸಲು ಬರುವ ಲಕ್ಷ್ಮೀದೇವಮ್ಮ, "ಯಾಕ್ಲಾ ತಿಮ್ಮರಾಜು, ಹಿಂಗೆ ಬಡವಾಗೋದೆ? ಹುಷಾರಿಲ್ವಾ?" ಎಂದಳು.

"ಕೈ ಹುಷಾರಿಲ್ಲ ಕಣಕ್ಕೋ" ಎಂದ ತಿಮ್ಮರಾಜು.

ಅದನ್ನು ಕೇಳಿಸಿಕೊಂಡ ಮುರಳಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ಮನೆಯಲ್ಲಿ ಹೆಂಡತಿ ಚೈತನ್ಯಾ, "ಏನ್ರೀ, ಸ್ವೆಟರ್ ಬಿಸಿಲಿಗೆ ಹಾಕಿದೀರಾ?" ಎಂದು ನಕ್ಕಳು. ಅವನೂ ನಕ್ಕ.

ಎಲ್ಲ ಕೆಟ್ಟದ್ದು ಸಮಿತಿ ಬರುವ ವಾರದ ಬುಧವಾರ. ಅಂದು ನೈಟ್ರೋಜನ್ ತರುವ ವ್ಯಾನು ತಡವಾಗಿತ್ತು. ಕ್ಯಾಮೆರಾದೊಳಗಿನ ನೈಟ್ರೋಜನ್ ಫ್ಲಾಸ್ಕು ಬರಿದಾಗುತ್ತ ಡಿಟೆಕ್ಟರು ಮೆಲ್ಲಗೆ ಬೆಚ್ಚಗಾಗುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಮುರಳಿ ಒಬ್ಬನೇ ಪರದೆಯ ಮುಂದೆ ಕೂತಿದ್ದ. ಕಪ್ಪು ಕಲೆಯೂ ತಿಳಿಯಾಗುತ್ತಿರುವುದು ಅವನ ಕಣ್ಣಿಗೆ ಬಿತ್ತು. ನಿಮಿಷ ಕಳೆದಂತೆ ಬೂದಿ ಬಣ್ಣ, ಆಮೇಲೆ ಅದೂ ಹಗುರ.

ಲೆನ್ಸಿನ ತಪ್ಪಾಗಿದ್ದರೆ ಲೆನ್ಸಿನಲ್ಲೇ ಇರಬೇಕು. ಡಿಟೆಕ್ಟರಿನ ತಂಪು ಇಳಿದರೆ ಅದೇಕೆ ಮಾಯವಾಗುತ್ತದೆ? ಅವನು ಪೆನ್ನು ಕೈಗೆತ್ತಿಕೊಂಡ. ಕಾಗದ ಎಳೆದುಕೊಂಡು ಕಿರಣದ ಗೆರೆ ಎಳೆದ. ಹತ್ತು ನಿಮಿಷ ಸಾಕಾಯಿತು. ಆ ಕೋಣೆಯಲ್ಲಿ ಎಲ್ಲವೂ ಬೆಚ್ಚಗೆ, ಎಲ್ಲವೂ ಹೊಳೆಯುವಂಥವು. ತಣ್ಣಗೆ, ಕಪ್ಪಗೆ ಇರುವುದು ಒಂದೇ ಒಂದು, ಆ ಡಿಟೆಕ್ಟರು. ಮುಂದಿನ ವಿಂಡೋ ಒಂದೆಳೆ ಓರೆಯಿಲ್ಲದೆ ಎದುರು ನಿಂತಾಗ ಕನ್ನಡಿಯಾಗಿಬಿಟ್ಟಿತ್ತು. ಡಿಟೆಕ್ಟರು ಅದರಲ್ಲಿ ತನ್ನದೇ ತಣ್ಣನೆ ಮುಖ ನೋಡಿಕೊಳ್ಳುತ್ತಿತ್ತು. ಆ ಮುಖವೇ ಕಪ್ಪು ಕಲೆ. ವಿಂಡೋ ತುಸು ಓರೆಯಾಗಿದ್ದರೆ ಆ ಬಿಂಬ ಪಕ್ಕಕ್ಕೆ ಹಾರಿಹೋಗುತ್ತಿತ್ತು.

ಓರೆಗೆಂದೇ ಟಿಕೆಟ್ಟು ಇತ್ತು. ಅದನ್ನು ಕಿತ್ತವನು ತಾನು.

ಒಂಬತ್ತು ವರ್ಷದಲ್ಲಿ ಮುರಳಿ ಬಿಡಿಸಿದ ಅತ್ಯಂತ ಚೆಂದದ ಒಗಟು ಇದು. ಓಡಿಹೋಗಿ ಮೇಡಂಗೆ ಹೇಳಬೇಕೆಂದು ಕಾಲು ಎದ್ದೇಬಿಟ್ಟಿತು, ಬಾಗಿಲಲ್ಲಿ ನಿಂತಿತು. ಹೇಗೆ ಕಂಡುಹಿಡಿದೆ ಎಂದು ಹೇಳಲು ಹೋದರೆ ಏನು ಮಾಡಿದೆ ಎಂದೂ ಹೇಳಬೇಕು. ಸುಮ್ಮನಿದ್ದುಬಿಟ್ಟರೆ? ಶುಕ್ರವಾರ ಕಲೆ ಹಾಗೇ ಇರುತ್ತದೆ, ತಿಮ್ಮರಾಜುವಿನ ಹೆಸರು ಹೋಗುವುದಿಲ್ಲ, ಬೆಟ್ಟ ತನ್ನದಾಗುತ್ತದೆ. ಆದರೆ ಸಮಿತಿಯವರು ಕಲೆಯಿರುವ ಕ್ಯಾಮೆರಾವನ್ನೇ ಬೇಡವೆಂದರೆ ಬೆಟ್ಟಕ್ಕೆ ಹೋಗಲು ಏನು ಉಳಿಯುತ್ತದೆ? ಹೀಗೆ ಅವನನ್ನು ಸರಿದಾರಿಗೆ ತಳ್ಳಿದ್ದು ಪಶ್ಚಾತ್ತಾಪವಲ್ಲ, ಲೆಕ್ಕಾಚಾರ. ಸದ್ದಿಲ್ಲದೆ ಟಿಕೆಟ್ಟು ವಾಪಸ್ಸು ಇಟ್ಟುಬಿಡುವುದು ಎಂದು ತೀರ್ಮಾನಿಸಿದ.

ಗುರುವಾರ ಬೆಳಗ್ಗೆ ಡಬ್ಬಕ್ಕೆ ಕೈ ಹಾಕಿದರೆ ಡಬ್ಬ ಫಳಫಳ ಹೊಳೆಯುತ್ತ ಖಾಲಿ ಇತ್ತು.

"ದೊಡ್ಡೋರು ಬತ್ತಾವ್ರಂತಲ್ಲ ಸಾರ್, ಆ ಕಸ ಎಲ್ಲಾ ಒಲೆಗಾಕಿ ತೊಳ್ದುಬುಟ್ಟೆ" ಎಂದಳು ಲಕ್ಷ್ಮೀದೇವಮ್ಮ, ಮೆಚ್ಚುಗೆಗೆ ಕಾಯುತ್ತ.

ಬೇರೆ ಕಾಗದ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ರಾಶಿಯಿತ್ತು. ಆದರೆ ನಾಳೆಯೋ ನಾಡಿದ್ದೋ ತಿಮ್ಮರಾಜು ವಿಂಡೋ ಬಿಚ್ಚಿದಾಗ ಬಿಳಿ ಹಾಳೆ ಕಂಡರೆ, ತನ್ನ ಟಿಕೆಟ್ಟು ಎಲ್ಲಿ ಎನ್ನುವುದಿಲ್ಲವೇ? ಟಿಕೆಟ್ಟು ಇದ್ದ ಕಡೆ ಟಿಕೆಟ್ಟೇ ಇರಬೇಕು. ಹಾಗಾಗಿ ಹತ್ತು ವರ್ಷದಿಂದ ಬಸ್ಸು ಹತ್ತದ ಮುರಳೀಕೃಷ್ಣ ಸ್ಕೂಟರನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಹೊರಡುತ್ತಿದ್ದ ಮೊದಲ ಬಸ್ಸಿಗೆ ಹತ್ತಿದ. ರಾತ್ರಿ ಪಾಳಿ ಮುಗಿಸಿದವರು, ತರಕಾರಿ ಬುಟ್ಟಿಯವರು, ನಿಲ್ಲಲೂ ಜಾಗವಿಲ್ಲ. "ಎಂಗೆ ಸಾರ್?" ಎಂದ ಕಂಡಕ್ಟರ್ ತಮಿಳಿನಲ್ಲಿ. ಎಲ್ಲಿಗೆಂದು ಮುರಳಿಗೇ ಗೊತ್ತಿರಲಿಲ್ಲ. ಪಕ್ಕದವನು ತೊರಪಲ್ಲಿ ಎಂದಿದ್ದನ್ನೇ ಇವನೂ ಅಂದ. ಟಿಕೆಟ್ಟು ಕೈಗೆ ಬಂದ ಕೂಡಲೇ ಮುಂದಿನ ಸ್ಟಾಪಿನಲ್ಲಿ ಇಳಿದು, ಬಿಸಿಲಲ್ಲಿ ಬೆವರುತ್ತ ಸ್ಕೂಟರಿನ ತನಕ ನಡೆದ.

ಊಟದ ಹೊತ್ತಿಗೆ ಟಿಕೆಟ್ಟು ಎರಡಾಗಿ ಮಡಿಸಿಕೊಂಡು ವಿಂಡೋ ಅಂಚಿನ ಕೆಳಗೆ ಕೂತಿತ್ತು. ಹಿಂದಿನ ಸಂಜೆ ಮತ್ತೆ ಬಿಚ್ಚಿಕೊಂಡು ಹೋಗಿದ್ದ ಲೆನ್ಸನ್ನು ತಿಮ್ಮರಾಜು ಅಂದು ಸಂಜೆ ಮೂರನೆಯ ಸಲ ತಂದು ಕೂರಿಸಿದ. ಪರದೆ ನೋಡುವ ಧೈರ್ಯವಾಗದೆ, "ನಾಳೆ ನೋಡಾಣ ಸಾರ್" ಎಂದು ಬಸ್ಸಿಗೆ ಓಡಿದ.

ಶುಕ್ರವಾರ ಸಮಿತಿಯ ಮುಂದೆ ಗೋಡೆ ಗೋಡೆಯಂತೆಯೇ ಕಂಡಿತು. ಕಲೆಯ ಸುಳಿವೂ ಇಲ್ಲ. ಸಮಿತಿಯ ಹಿರಿಯರು ತಮ್ಮ ಅಂಗೈಯನ್ನೇ ಒಡ್ಡಿ, ಬೆರಳಿನ ನರ ಕಂಡು, "ರೊಂಬ ನಲ್ಲಾ ಇರುಕ್ಕು!" ಎಂದು ತಮಿಳಿನಲ್ಲಿ ಮೆಚ್ಚಿ ತಿಮ್ಮರಾಜುವಿನ ಬೆನ್ನು ತಟ್ಟಿದರು. ಅಂಬುಜಮ್ಮನವರ ಕಣ್ಣಲ್ಲಿ ನೀರಾಡಿತು. "ಮೂರನೇ ಸಲಕ್ಕೆ ಗೆದ್ದುಬಿಟ್ಟನಲ್ಲ ನಮ್ಮ ಹುಡುಗ" ಎಂದರು. ಮುರಳಿ ಚಪ್ಪಾಳೆ ತಟ್ಟಿದ. ಹೊಟ್ಟೆಯೊಳಗೆ ಹಳೆಯ ಉರಿಯ ಮೇಲೆ ಹೊಸ ಉರಿ ಎದ್ದಿತು. ಕಲೆ ಬಿಡಿಸಿದ್ದು ನಾನು, ನಾನು, ಎಂದು ಗಂಟಲವರೆಗೆ ಬಂದ ಮಾತನ್ನು ಕಾಫಿಯ ಜೊತೆ ನುಂಗಿದ.

ಸಮಿತಿಯವರು ಹೊರಟ ಮೇಲೆ ತಿಮ್ಮರಾಜು ವಿಂಡೋ ಬಿಚ್ಚತೊಡಗಿದ. ಕಾಗದ ಒಂದು ವರ್ಷ ಬಾಳುವುದಿಲ್ಲ, ಬೆಟ್ಟಕ್ಕೆ ಹೋಗುವ ಮುಂಚೆ ಆ ಜಾಗಕ್ಕೆ ಹಿತ್ತಾಳೆ ಚೂರು ಇಡಬೇಕೆಂದು ಅವನು ಮೊದಲೇ ಕತ್ತರಿಸಿಟ್ಟಿದ್ದ. ಮುರಳಿ ಪಕ್ಕದ ಮೇಜಿನಲ್ಲಿ ಏನೋ ಬರೆಯುವವನಂತೆ ಕೂತ. ತಿಮ್ಮರಾಜು ಟಿಕೆಟ್ಟು ತೆಗೆದ. ಡಬ್ಬಕ್ಕೆ ಹಾಕಲೆಂದು ಅಭ್ಯಾಸಬಲದಿಂದ ಬಿಡಿಸಿದ. ನಿಂತ.

"ಸಾರ್, ಇದು ನಂದಲ್ಲ."

ಮುರಳಿ ಬರೆಯುತ್ತಲೇ ಇದ್ದ.

"ನಾನು ಇಕ್ಕಿದ್ದು ಅಂಚೆಟ್ಟಿ ಟಿಕೆಟ್ಟು. ಇದು ತೊರಪಲ್ಲಿದು. ತಾರೀಕು ನೆನ್ನೇದು." ಟಿಕೆಟ್ಟನ್ನು ತಿರುಗಿಸಿ ನೋಡುತ್ತ ಮತ್ತೆ ಹೇಳಿದ: "ಮೂರನೇ ಸಲ ನಾನು ಲೆನ್ಸು ಉಜ್ಜಲೇ ಇಲ್ಲ ಸಾರ್. ಇನ್ನೂ ಉಜ್ಜುದ್ರೆ ಅದು ಹಾಳಾಗೋಯ್ತದೆ ಅಂತ ಬರೀ ಒರೆಸಿ ಇಟ್ಟೆ. ಅವ್ರೆಲ್ಲಾ ಬೆನ್ನು ತಟ್ಟುವಾಗ ಕಲೆ ಹೆಂಗೋಯ್ತು ಅಂತ ನಂಗೆ ತಲೆ ಕೆಟ್ಟೋಗಿತ್ತು."

ಕೂದಲೆಳೆಯ ಅಳತೆ ಬಲ್ಲ ಮುರಳಿಗೆ ಟಿಕೆಟ್ಟಿನ ಮೇಲೆ ಊರು, ತಾರೀಕು ಅಚ್ಚಾಗಿರುತ್ತದೆಂಬುದು ಹೊಳೆದೇ ಇರಲಿಲ್ಲ. ಬೇರೆ ದಾರಿ ಕಾಣದೆ ಕಾಗದ ತೆಗೆದು ಗೆರೆ ಎಳೆದು ತೋರಿಸಿದ. ತಣ್ಣನೆ ಡಿಟೆಕ್ಟರು, ನೆಟ್ಟಗಿನ ವಿಂಡೋ, ಹಿಂದಿರುಗುವ ಬಿಂಬ. ಟಿಕೆಟ್ಟು ಕಿತ್ತದ್ದನ್ನೂ ಹೇಳಿದ. ತಿಮ್ಮರಾಜು ಗೆರೆಗಳನ್ನು ಬೆರಳಲ್ಲಿ ಹಿಂಬಾಲಿಸಿದ.

"ಇಷ್ಟೆಲ್ಲಾ ನಂಗೆ ಗೊತ್ತಿರ್ಲಿಲ್ಲ. ವಾಚ್ ಗಾಜು ಪರೀಕ್ಷೆ ಮಾಡುವಾಗ ನೆಟ್ಟಗೆ ಹಿಡುದ್ರೆ ನಮ್ ಮುಖಾನೇ ಕಾಣ್ತದೆ ಸಾರ್, ಗಾಜು ಕಾಣಲ್ಲ. ಅದ್ಕೇ ಒಂಚೂರು ಓರೆ ಹಿಡೀತೀವಿ. ಆ ರೂಢಿ ಮೇಲೆ ಇಕ್ಕಿದ್ದೆ, ಅಷ್ಟೆ."

ಮುರಳಿ ಗೆರೆ ಎಳೆದ ಕಾಗದವನ್ನು ಮಡಿಸತೊಡಗಿದ.

"ನನ್ನ ಒಂದು ಮಾತು ಕೇಳ್ಬೋದಾಗಿತ್ತು ನೀವು" ಎಂದ ತಿಮ್ಮರಾಜು. ಈಗ ದನಿ ಏರಿತ್ತು. "ಹದಿನಾಲ್ಕು ದಿನ ಉಜ್ಜಿವ್ನಿ, ಸರಿಯಾಗಿರೋ ಲೆನ್ಸನ್ನ. ಬಸ್ಸಲ್ಲಿ ಕೂತು ಬರೀ ಕೈ ನೋಡ್ಕೊಂಡು ಹೋಯ್ತಿದ್ದೆ, ಇದಕ್ಕೇನು ಬಂತು ಅಂತ. ಬೆಟ್ಟ ಬೇಕಿದ್ರೆ ಬೇಕು ಅನ್ಬೇಕಾಗಿತ್ತು ಸಾರ್. ನಾನೇನು ತಲೆ ಮೇಲೆ ಹೊತ್ಕೊಂಡು ಓಡೋಯ್ತಿದ್ನಾ?"

ಹಿತ್ತಾಳೆ ಚೂರನ್ನು ಇಡಲು ಕೈ ಚಾಚಿದ. ನಾಲ್ಕು ವರ್ಷದಲ್ಲಿ ಒಂದು ದಿನವೂ ಅಲುಗದ ಆ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಚೂರು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಂಡ, ಮತ್ತೆ ಇಡಲು ಹೋದ, ಮತ್ತೆ ಜಾರಿತು. ಮುರಳಿ ನೋಡುತ್ತ ಕೂತಿದ್ದ. ಯಾವ ಕೈಯನ್ನು ಕಂಡು ಇಪ್ಪತ್ತು ದಿನ ಬೆಂದಿದ್ದನೋ ಆ ಕೈ ಇದು. ಇದರಲ್ಲಿ ಈಗಿರುವ ನಡುಕ ಮಾತ್ರ ಪೂರ್ತಿ ತನ್ನ ಕೆಲಸ.

ತಿಮ್ಮರಾಜು ಚೂರನ್ನೂ ಟಿಕೆಟ್ಟನ್ನೂ ಮುರಳಿಯ ಮುಂದಿಟ್ಟ. "ಮೇಡಂಗೆ ನೀವೇ ಹೇಳಿ. ಹೇಳೋಗಂಟ ನಾನು ಇದನ್ನ ಮುಟ್ಟಲ್ಲ."

ಅಂಬುಜಮ್ಮನವರ ಕೋಣೆ ಹತ್ತು ಹೆಜ್ಜೆ ದೂರ. ಅವರು ವೀಕ್ಷಣಾಲಯಕ್ಕೆ ಪತ್ರ ಬರೆಯುತ್ತಿದ್ದರು. ಮುರಳಿ ಟಿಕೆಟ್ಟನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಎಲ್ಲ ಹೇಳಿದ. ಎಲ್ಲಿಯೂ ತನ್ನ ಕಡೆಗೆ ಎಳೆದುಕೊಂಡು ಹೇಳಲಿಲ್ಲ. ಅಂಬುಜಮ್ಮ ಟಿಕೆಟ್ಟನ್ನು ಎತ್ತಿ ಊರು, ತಾರೀಕು ಓದಿದರು.

"ಕಲೆಯ ಕಾರಣ ಕಂಡುಹಿಡಿದದ್ದು ದೊಡ್ಡ ಕೆಲಸ ಮುರಳಿ" ಎಂದರು. "ಮೊನ್ನೆ ಬುಧವಾರವೇ ಹೀಗೆ ಬಂದು ಹೇಳಿದ್ದಿದ್ರೆ ಎದ್ದು ನಿಂತು ಚಪ್ಪಾಳೆ ತಟ್ತಿದ್ದೆ. ಈಗ ತಟ್ಟೋಕೆ ಕೈ ಬರ್ತಿಲ್ಲ."

ಪತ್ರದಲ್ಲಿ ಬರೆದಿದ್ದ ಹೆಸರು ತಿಮ್ಮರಾಜುವಿನದು. ಅದರ ಕೆಳಗೆ ಸಹಿ ಹಾಕಿ ಮಡಿಸಿದರು.

ಮುರಳಿ ಹೊರಗೆ ಬಂದು ತಿಮ್ಮರಾಜುವಿಗೆ, "ಹೇಳಿದೆ" ಎಂದ. ತಿಮ್ಮರಾಜು ಮುರಳಿಯ ಮೇಜಿನ ಮೇಲಿದ್ದ ಚೂರನ್ನು ಎತ್ತಿಕೊಂಡ. ಬಿಲ್ಲೆಯ ಮುಂದೆ ಕೂತು, ಎರಡು ಸಲ ಬೆರಳು ಮಡಚಿ ಬಿಡಿಸಿ, ಉಸಿರು ಬಿಗಿಹಿಡಿದು ಹಿತ್ತಾಳೆ ಚೂರನ್ನು ಅಂಚಿನ ಕೆಳಗೆ ಸರಿಸಿದ. ಈ ಸಲ ಕೂತಿತು. ಮುರಳಿ ತಡೆದಿದ್ದ ತನ್ನ ಉಸಿರನ್ನೂ ಬಿಟ್ಟ. ಅದರ ಹಿಂದೆಯೇ, ನಾಚಿಕೆಯಿಲ್ಲದೆ, ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಮತ್ತೆ ಕಾಣಿಸಿಕೊಂಡಿತು.